ಸಾಕ್ಷಿಯ ಜಾಗ ಖಾಲಿ

ಅಪ್ಪನ ಕಾಲಿನ ಉಗುರು ಕತ್ತರಿಸೋಣ ಎಂದು ಸ್ಟೂಲು ಎಳೆದುಕೊಂಡು ಕೂತು, ಬಲಗಾಲಿನ ಸಾಕ್ಸ್ ಎಳೆದೆ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ. ಬಂತು, ಜೊತೆಗೆ ಚರ್ಮವೂ ಕಿತ್ತು ಬಂತು.

ಅಪ್ಪ ಪೇಪರಿನ ಪುಟ ತಿರುಗಿಸಿದ. ಅಷ್ಟೇ. ಅಯ್ಯೋ ಎನ್ನಲಿಲ್ಲ, ಕಾಲು ಎಳೆದುಕೊಳ್ಳಲಿಲ್ಲ. ನನ್ನ ಕೈಯಲ್ಲಿ ಒದ್ದೆ ಸಾಕ್ಸ್, ಕಣ್ಣೆದುರು ಅಂಗಾಲಿನಿಂದ ಹೆಬ್ಬೆರಳಿನ ಬುಡದವರೆಗೆ ಕೆಂಪು ಮಾಂಸ.

“ಅಪ್ಪ, ಇದೇನಿದು?”

“ಏನು?”

“ಕಾಲು! ನಿನ್ನ ಕಾಲು!”

ಬಗ್ಗಿ ನೋಡಿದ. “ಓ, ಅದಾ. ಮೊನ್ನೆ ಸ್ವಲ್ಪ ಬೊಬ್ಬೆ ಬಂದಿತ್ತು. ಒಣಗಿರ್ಬೇಕು ಅಂದ್ಕೊಂಡಿದ್ದೆ.”

“ನೋವಾಗಲ್ವಾ?”

“ಆಗತ್ತೆ, ಆಗತ್ತೆ. ಆಗದೆ ಇನ್ನೇನು?” ಎಂದು, ನಾನು ಕೇಳಿದ ಮೇಲೆ, ಮುಖ ಕಿವಿಚಿಕೊಂಡ.

ತಡವಾಗಿ ಬಂದ ಆ ಮುಖ ಗಾಯಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿತು. ನನಗೆ ಹೆದರಿಕೆಯಾದರೆ ಕೋಪ ಬರುತ್ತದೆ. ಕೋಪ ಬಂದರೆ ಪಾತ್ರೆ ಸದ್ದು ಮಾಡುತ್ತವೆ, ಬಾಗಿಲು ಸದ್ದು ಮಾಡುತ್ತವೆ, ಚಿಕ್ಕಪ್ಪ ನನ್ನನ್ನು ಮೆಣಸಿನಕಾಯಿ ಎಂದು ಕರೆಯುವುದು ಸುಮ್ಮನೆ ಅಲ್ಲ.

ಅಪ್ಪ ಲಾರಿ ಓಡಿಸಿ ನನ್ನನ್ನು ಸಾಕಿದವನು. ಅವನ ಹೆಮ್ಮೆಯೆಲ್ಲ ಅಂಗಾಲಿನಲ್ಲಿತ್ತು. ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲೇ ಪೆಡಲ್ ಒತ್ತುತ್ತಿದ್ದ. ಎಂಜಿನ್ ಕಾದದ್ದು ಮೀಟರಿನ ಮುಳ್ಳಿಗೆ ತಿಳಿಯುವ ಮೊದಲೇ ತನ್ನ ಅಂಗಾಲಿಗೆ ತಿಳಿಯುತ್ತಿತ್ತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮೊದಲ ಸಲ ಕೇಳುವವರು ಬೆರಗಾಗುತ್ತಿದ್ದರು, ನಾನು ಒಳಗೆ ಹೋಗಿ ಟೀಗೆ ನೀರಿಡುತ್ತಿದ್ದೆ. ಸಕ್ಕರೆ ಕಾಯಿಲೆ ಶುರುವಾದ ಮೇಲೆ ಡಾಕ್ಟರು ಹೋದಾಗಲೆಲ್ಲ ಕಾಲು ಜೋಮು ಹಿಡಿಯುತ್ತದೆಯೇ, ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಕೇಳುವರು. ಅಪ್ಪ ಹೋದಾಗಲೆಲ್ಲ ಅದೇ ಲಾರಿಯ ಕಥೆ ಹೇಳುವನು. ಹೊರಗೆ ಕಾದಿರುವ ಜನ ನೆನಪಾಗಿ ಡಾಕ್ಟರು ಚೀಟಿ ಬರೆದು ಕಳಿಸುವರು. ಕಾಲು ಯಾವಾಗಲೂ ತಣ್ಣಗಿರುತ್ತದೆ ಎನ್ನುವುದೊಂದನ್ನು ಮಾತ್ರ ಅಪ್ಪ ಒಪ್ಪಿಕೊಂಡಿದ್ದ. ಅದಕ್ಕೇ ಚಿಕ್ಕಪ್ಪ ಹೋದ ವಾರ ಶಾಖದ ಚೀಲ ತಂದುಕೊಟ್ಟಿದ್ದ.

ಚೀಲ ಮಂಚದ ಕೆಳಗಿತ್ತು. ಎರಡೂ ಪಾದ ಒಟ್ಟಿಗೆ ತೂರಿಸಿ ಕೂರುವಂಥ ದಪ್ಪ ಬಟ್ಟೆಯ ಚೀಲ, ಒಳಗೆ ಬಿಸಿಯಾಗುವ ತಂತಿ, ಅಂಗಾಲು ತಾಗುವ ಕಡೆ ಶಾಖ ಅಳೆಯುವ ಸೆನ್ಸರ್, ಹೊರಗೆ ಅಂಗೈಯಗಲದ ಪೆಟ್ಟಿಗೆಯಲ್ಲಿ ಅಂಕಿ ತೋರಿಸುವ ಕಿಟಕಿ. ಅದು ಚಿಕ್ಕಪ್ಪ ನಡೆಸುವ, ನಾನು ಕೆಲಸ ಮಾಡುವ ವರ್ಕ್‌ಶಾಪಿನ ಮಾಲು. ಪೆಟ್ಟಿಗೆಯೊಳಗಿನ ಬೋರ್ಡ್ ಹೇಗಿರಬೇಕೆಂದು ರೂಪಿಸಿದವಳು ನಾನು. ಆ ಚೀಲ ಅಪ್ಪನ ಕಾಲು ಸುಡುವುದು ಸಾಧ್ಯವೇ ಇರಲಿಲ್ಲ. ಮೂವತ್ತೆಂಟು ಡಿಗ್ರಿ ಮುಟ್ಟಿದರೆ ತಂತಿ ಆರಬೇಕು, ಸೆನ್ಸರಿನ ವೈರ್ ತುಂಡಾದರೆ ಕಿಟಕಿಯಲ್ಲಿ ಎರಡು ಗೆರೆ ಬಂದು ತಂತಿ ಆರಬೇಕು. ಹಾಗೆಂದು ನಾನೇ ಪ್ರೋಗ್ರಾಂ ಬರೆದಿದ್ದೆ.

ಪ್ಲಗ್ ಹಾಕಿದೆ. ಮೂವತ್ತಾರು ಎಂದು ತೋರಿಸಿತು. ಅಷ್ಟು ಹೊತ್ತು ತಣ್ಣನೆಯ ನೆಲದ ಮೇಲೆ ಬಿದ್ದಿದ್ದ ಚೀಲ ಮೂವತ್ತಾರಂತೆ! ಫ್ರಿಜ್ಜಿನಿಂದ ಐಸ್ ತಟ್ಟೆ ತಂದು ಸೆನ್ಸರಿನ ಜಾಗಕ್ಕೆ ಒತ್ತಿ ಹಿಡಿದೆ. ಮೂವತ್ತಾರು. ಬಿಸಿನೀರಿನ ಲೋಟ ಇಟ್ಟೆ. ಮೂವತ್ತಾರು. ವೈರು ಚೀಲದೊಳಗೆ ನುಗ್ಗುವ ಕಡೆ ಬೆರಳಿಂದ ಸವರಿ ನೋಡಿದರೆ ಒಳಗಿನ ಎಳೆ ಪುಸಕ್ಕನೆ ಮಡಚಿಕೊಂಡಿತು. ಅಪ್ಪ ಚೀಲವನ್ನು ವೈರು ಹಿಡಿದೇ ಎತ್ತುವವನು, ಕಾಲಿಂದ ತಳ್ಳುವವನು. ವೈರು ತುಂಡಾಗಿತ್ತು, ಸರಿ. ಎರಡು ಗೆರೆ ಎಲ್ಲಿ?

“ಏನು ಮಾಡ್ತಿದೀಯೆ ಅದಕ್ಕೆ? ಚೆನ್ನಾಗೇ ಇದೆಯಲ್ಲ” ಎಂದ ಅಪ್ಪ. “ಒಂದು ದಿನವೂ ಕೈಕೊಟ್ಟಿಲ್ಲ. ಯಾವಾಗ ನೋಡಿದ್ರೂ ಮೂವತ್ತಾರು.”

ಸ್ಕ್ರೂ ಬಿಚ್ಚಿ ಪೆಟ್ಟಿಗೆ ತೆರೆದೆ. ಬೋರ್ಡಿನ ಮೂಲೆಯಲ್ಲಿ ಒಂದು ರೆಸಿಸ್ಟರ್ ಇರಬೇಕಾದ ಕಡೆ ಎರಡು ಚುಕ್ಕೆ ತವರ ಮಾತ್ರ ಮಿನುಗುತ್ತಿತ್ತು. ಹಲ್ಲು ಕಿತ್ತ ಜಾಗದ ಹಾಗೆ ಖಾಲಿ. ಪಿತ್ತ ನೆತ್ತಿಗೇರಿತು.

ಆ ಖಾಲಿ ಜಾಗ ಏನೆಂದು ಹೇಳಬೇಕಾದರೆ ನಮ್ಮ ಕಸುಬಿನ ಬಡತನವನ್ನೂ ಹೇಳಬೇಕು. ಶಾಖ, ಬೆಳಕು, ಒತ್ತಡ ಇವೆಲ್ಲ ಸ್ವಲ್ಪಸ್ವಲ್ಪವಾಗಿ ಏರಿ ಇಳಿಯುವ ಸಂಗತಿಗಳು. ಅವುಗಳ ಏರಿಳಿತವನ್ನು ನೇರವಾಗಿ ಓದಬಲ್ಲ ಚಿಪ್‌ಗಳು ಇವೆ, ನಮ್ಮದು ಅಂಥದ್ದಲ್ಲ. ನಮ್ಮದು ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಅದರ ಕಾಲುಗಳಿಗೆ ಗೊತ್ತಿರುವುದು ಎರಡೇ ಮಾತು, ‘ಇದೆ’ ಮತ್ತು ‘ಇಲ್ಲ’. ಅಂಥದ್ದರಿಂದ ಶಾಖ ಓದಿಸುವುದಕ್ಕೆ ಒಂದು ಉಪಾಯವಿದೆ. ಒಂದು ಪುಟ್ಟ ಕೆಪಾಸಿಟರ್ ಇಡುತ್ತೇವೆ, ಅದು ಕರೆಂಟ್ ತುಂಬುವ ಬಕೆಟ್ ಎಂದುಕೊಳ್ಳಿ. ಸೆನ್ಸರ್ ಒಂದು ನಲ್ಲಿ. ಬಿಸಿಯಾದಷ್ಟೂ ನಲ್ಲಿ ಹೆಚ್ಚು ತೆರೆದುಕೊಳ್ಳುತ್ತದೆ. ಬಕೆಟ್ ಖಾಲಿ ಮಾಡಿ, ಸೆನ್ಸರಿನ ನಲ್ಲಿಯಿಂದ ತುಂಬಲು ಬಿಟ್ಟು, ತುಂಬಿತೇ ತುಂಬಿತೇ ಎಂದು ಚಿಪ್ ಕೇಳುತ್ತಾ ಇರುತ್ತದೆ. ಬೇಗ ತುಂಬಿದರೆ ಬಿಸಿ, ನಿಧಾನವಾದರೆ ತಣ್ಣಗೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿಯುತ್ತದೆ.

ಆದರೆ ಅಗ್ಗದ ಬಕೆಟ್ಟನ್ನೂ ನಂಬುವಂತಿಲ್ಲ. ಬಿಸಿಗೆ, ವಯಸ್ಸಿಗೆ ಅದರ ಅಳತೆಯೇ ಬದಲಾಗುತ್ತದೆ. ಅದಕ್ಕೆ ಇನ್ನೊಂದು ನಲ್ಲಿ ಬೇಕು, ಬಿಸಿಗೂ ಚಳಿಗೂ ಬದಲಾಗದ, ಅಳತೆ ಗೊತ್ತಿರುವ ಒಂದು ರೆಸಿಸ್ಟರ್. ಒಮ್ಮೆ ಸೆನ್ಸರಿನಿಂದ ತುಂಬಿಸು, ಒಮ್ಮೆ ಇದರಿಂದ ತುಂಬಿಸು, ಎರಡನ್ನೂ ಹೋಲಿಸು. ಇದರಿಂದ ತುಂಬಿ ಸೆನ್ಸರಿನಿಂದ ತುಂಬದೇ ಹೋದರೆ ಬಕೆಟ್ ಸರಿಯಿದೆ, ವೈರು ತುಂಡಾಗಿದೆ ಎಂದರ್ಥ. ಆಗ ಗೆರೆ ತೋರಿಸಿ ಸುಮ್ಮನಾಗು. ನಾವು ಅದನ್ನು ಸಾಕ್ಷಿ ಎನ್ನುತ್ತಿದ್ದೆವು. ಹೆಸರಿಟ್ಟವನು ಚಿಕ್ಕಪ್ಪನೇ. ನನಗೆ ಬೆಸುಗೆ ಹಾಕಲು ಕಲಿಸಿದವನೂ ಅವನೇ. ಅಗ್ಗ ಬೇರೆ, ಕಳಪೆ ಬೇರೆ ಎಂದು ನನ್ನ ತಲೆಯಲ್ಲಿ ಕೂರಿಸಿದವನೂ ಅವನೇ. ಎಷ್ಟು ಕಡಿಮೆಯಲ್ಲಿ ಎಷ್ಟು ನಿಜ ತಿಳಿಯಬಹುದು ಎನ್ನುವುದೇ ನಮ್ಮ ಆಟವಾಗಿತ್ತು, ಆ ಆಟ ನನಗೆ ಊಟಕ್ಕಿಂತ ರುಚಿಯಾಗಿತ್ತು.

ಸಾಕ್ಷಿ ಇಲ್ಲದಿದ್ದರೆ ನಾನು ಬರೆದ ಪ್ರೋಗ್ರಾಂ ಒಂದು ಹೆಜ್ಜೆ ಮುಂದಿಡುವುದಿಲ್ಲ. ಹಾಗಾದರೆ ಪ್ರೋಗ್ರಾಂ ಕೂಡ ನನ್ನದಲ್ಲ. ಯಾರೋ ಬದಲಿಸಿದ್ದಾರೆ. ಯಾರೋ ಏನು, ವರ್ಕ್‌ಶಾಪಿನಲ್ಲಿ ಅದನ್ನು ಮುಟ್ಟಲು ಬರುವುದು ಇಬ್ಬರಿಗೆ. ಒಬ್ಬಳು ನಾನು. ಇನ್ನೊಬ್ಬ ಚಿಕ್ಕಪ್ಪ, ಪ್ರೋಗ್ರಾಂ ಬರೆಯುವುದನ್ನು ಅವನಿಗೆ ನಾನೇ ಪಕ್ಕದಲ್ಲಿ ಕೂತು ಕಲಿಸಿದ್ದೆ. ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡು ನಾನು ಮನೆಯಲ್ಲಿ ಬಿದ್ದಿದ್ದ ವಾರವೇ ಆ ಇಡೀ ಮಾಲು ತಯಾರಾಗಿದ್ದು. ಅದು ಹೋಗುವುದು ವಯಸ್ಸಾದವರ ಆರೈಕೆ ಕೇಂದ್ರಕ್ಕೆ. ಅಲ್ಲಿರುವವರಲ್ಲಿ ಎಷ್ಟು ಜನರ ಕಾಲು ಅಪ್ಪನ ಕಾಲಿನಂತಿದೆಯೋ! ಮಾಲು ಒಯ್ಯಲು ವ್ಯಾನ್ ಬರುವುದು ಅದೇ ದಿನ ಮಧ್ಯಾಹ್ನ.

ಮೊದಲು ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಸುಟ್ಟ ಗಾಯ ಎಂದು ನೋಡಿದ ಕೂಡಲೇ ಹೇಳಿದರು. “ಇಷ್ಟು ದಿನ ಏನು ಮಾಡ್ತಿದ್ರಿ? ಕೀವು ಒಳಗೆ ಇಳಿದ್ರೆ ಬೆರಳು ತೆಗೀಬೇಕಾಗತ್ತೆ” ಎಂದು ಗದರಿದರು. ಅಪ್ಪ ಅವರಿಗೂ ಲಾರಿಯ ಕಥೆ ಶುರು ಮಾಡಿದ. ಬ್ಯಾಂಡೇಜು ಸುತ್ತುತ್ತಿದ್ದ ನರ್ಸು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಹೊರಗೆ ಬಂದು ಬಾಡಿಗೆ ಕಾರು ಹತ್ತಿದ ಮೇಲೆ ಅಪ್ಪ ಕೇಳಿದ, “ಇದು ಮನೆ ದಾರಿ ಅಲ್ವಲ್ಲ?”

“ಅಲ್ಲ. ನಿನ್ನ ತಮ್ಮನ ಹತ್ರ ಹೋಗ್ತಿದೀವಿ.”

“ಅವನಿಗೆ ಯಾಕೆ ಹೇಳ್ತೀಯ? ಪ್ರೀತಿಯಿಂದ ತಂದುಕೊಟ್ಟಿದ್ದು. ನೊಂದ್ಕೊಳ್ತಾನೆ.”

“ನೊಂದ್ಕೊಳ್ಳಲಿ! ಯಾರಿಗಾದ್ರೂ ನೋವಾಗಲಿ ಈ ಮನೇಲಿ!”

ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿ ರೇಡಿಯೋ ಆರಿಸಿದ.

ವರ್ಕ್‌ಶಾಪು ಎಂದರೆ ತಗಡಿನ ಮಾಡಿನ ಉದ್ದನೆಯ ಕೋಣೆ. ಗೋಡೆಗೆ ತಾಗಿ ಬೆಸುಗೆಯ ಮೇಜು, ಅದರ ಮುಂದೆ ಹೆಂಗಸರ ಸಾಲು, ತಲೆಯ ಮೇಲೆ ಹೊಗೆ ಎಳೆಯುವ ಫ್ಯಾನು. ರೆಸಿಸ್ಟರುಗಳನ್ನು ಹಳೆಯ ಮಾತ್ರೆ ಡಬ್ಬಿಗಳಲ್ಲಿ ಬಣ್ಣ ನೋಡಿ ವಿಂಗಡಿಸಿ ಇಟ್ಟಿರುತ್ತೇವೆ. ಸಾಕ್ಷಿಯ ಡಬ್ಬಿ ಕಂಠಮಟ್ಟ ತುಂಬಿತ್ತು. ಅಂದರೆ ಒಂದನ್ನೂ ತೆಗೆದಿರಲಿಲ್ಲ. ಬಾಗಿಲಲ್ಲಿ ವ್ಯಾನು ಹಿಂಬದಿಯನ್ನು ಒಳಗೆ ಮಾಡಿಕೊಂಡು ನಿಂತಿತ್ತು, ಟೇಪ್ ಸುತ್ತಿದ ಪೆಟ್ಟಿಗೆಗಳನ್ನು ಲೋಡ್ ಮಾಡುತ್ತಿದ್ದರು. ಚಿಕ್ಕಪ್ಪ ಕನ್ನಡಕ ತಲೆಯ ಮೇಲೇರಿಸಿಕೊಂಡು ಮುಂದೆ ನಿಂತಿದ್ದ.

ಅಪ್ಪ ಕುಂಟುತ್ತಾ ಒಳಗೆ ಬಂದದ್ದನ್ನು ಕಂಡು ಓಡಿಬಂದ. “ಅಣ್ಣ, ಏನಾಯ್ತು ಕಾಲಿಗೆ? ಬಿದ್ಯಾ?”

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಮನೆಯಿಂದ ತಂದಿದ್ದ ಬೋರ್ಡನ್ನು ಚಿಕ್ಕಪ್ಪನ ಮೂಗಿನ ಮುಂದೆ ಹಿಡಿದೆ. “ಸಾಕ್ಷಿ ಎಲ್ಲಿ?”

“ನಿಧಾನ, ಮೆಣಸಿನಕಾಯಿ. ಮೊದ್ಲು ಕೂತ್ಕೊ.”

“ಕೂರಲ್ಲ. ಸಾಕ್ಷಿ ಎಲ್ಲಿ ಹೋಯ್ತು ಹೇಳು ನೀನು.”

ಬೆಸುಗೆಯ ಮೇಜಿನಲ್ಲಿ ಕೈಗಳು ನಿಂತವು. ಮನೆಯಲ್ಲಿ ಚಿಕ್ಕಪ್ಪ ನನಗೆ ‘ನೀನು’, ವರ್ಕ್‌ಶಾಪಿನಲ್ಲಿ ಎಲ್ಲರೆದುರು ‘ನೀವು’. ಕೆಲಸಕ್ಕೆ ಸೇರಿದ ದಿನದಿಂದ ಅದೊಂದನ್ನು ನಾನು ತಪ್ಪಿರಲಿಲ್ಲ. ಅವನಿಗೂ ಗೊತ್ತಾಯಿತು. ಕನ್ನಡಕ ಕಣ್ಣಿಗಿಳಿಸಿದ.

“ತೆಗ್ದೆ” ಎಂದ. “ಅದಿದ್ದು ಏನು ಪ್ರಯೋಜನ? ಮೊದಲ ಸಲ ಕಳಿಸಿದ ಮಾಲು ಎಷ್ಟು ವಾಪಸ್ ಬಂತು ನಿನಗೇ ಗೊತ್ತು. ಎಲ್ಲರದ್ದೂ ಒಂದೇ ದೂರು, ಎರಡು ಗೆರೆ ಬರತ್ತೆ, ಬಿಸಿಯಾಗಲ್ಲ. ಗಿರಾಕಿ ಕೈಗೆ ಕೊಟ್ಟ ಯಂತ್ರ ಗೆರೆ ತೋರಿಸಿ ಸುಮ್ಮನೆ ಕೂತರೆ ಅವನು ಏನಂದ್ಕೊಳ್ತಾನೆ? ಕೆಟ್ಟಿದೆ ಅಂತ.”

“ಕೆಟ್ಟೇ ಇರತ್ತಲ್ಲ!”

“ಅದನ್ನ ಅದೇ ಬಾಯಿಬಿಟ್ಟು ಹೇಳ್ಬೇಕಾ?”

ನಗಬೇಕೋ ಮುಖಕ್ಕೆ ಬೋರ್ಡ್ ಎಸೆಯಬೇಕೋ ತಿಳಿಯಲಿಲ್ಲ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನಿಗೆ ಅದು ನಿಜವಾಗಿಯೂ ಅವಮಾನದ ಸಂಗತಿಯಾಗಿತ್ತು. ತಾನು ಮಾಡಿದ ವಸ್ತು ಬೇರೆಯವರ ಮನೆಯಲ್ಲಿ ನಿಂತು ತನಗೆ ತಿಳಿಯದು ಎನ್ನುವುದು!

“ವೈರು ಮಡಚಿದಾಗ ಒಂದು ಗಳಿಗೆ ಬಿಟ್ಟು ಮತ್ತೆ ಕೂಡ್ಕೊಳ್ಳತ್ತೆ” ಎಂದು ಸಮಾಧಾನದ ದನಿಯಲ್ಲಿ ಮುಂದುವರಿಸಿದ. “ಅಷ್ಟಕ್ಕೆಲ್ಲ ಗಾಬರಿ ಯಾಕೆ? ಸೆನ್ಸರ್ ಮಾತಾಡದಿದ್ರೆ ಹಿಂದೆ ಹೇಳಿದ್ದನ್ನೇ ತೋರಿಸ್ಲಿ ಅಂತ ಬರೆದೆ. ಹಿಂದೆ ಏನೂ ಹೇಳಿಲ್ಲ ಅಂದ್ರೆ ಮೂವತ್ತಾರು. ನೋಡೋಕೂ ಚೆಂದ, ಮೈ ಬಿಸಿ ಇದ್ದಹಾಗಿರತ್ತೆ. ಹಾಗಿದ್ಮೇಲೆ ಸಾಕ್ಷಿಗೆ ಕೆಲಸವೇ ಇಲ್ಲ.”

“ಒಂದು ಗಳಿಗೆ ಸರಿ. ಒಂದು ವಾರ ಮಾತಾಡದಿದ್ರೆ? ಮೂವತ್ತಾರು ಅಂತ ಕಿಟಕಿ ಹೇಳ್ತಿರತ್ತೆ, ಮೂವತ್ತೆಂಟಾಗಿಲ್ಲ ಅಂತ ತಂತಿ ಕಾಯ್ತಾನೇ ಇರತ್ತೆ. ಕಾದು ಕಾದು ಏನಾಗತ್ತೆ ಚಿಕ್ಕಪ್ಪ? ನೋಡು ಅಲ್ಲಿ. ನಿನ್ನ ಅಣ್ಣನ ಕಾಲು ನೋಡು!”

ಆಗ ಅವನಿಗೆ ಅರ್ಥವಾಯಿತು. ಬ್ಯಾಂಡೇಜನ್ನು ನೋಡಿದ, ನನ್ನನ್ನು ನೋಡಿದ, ಮುಖ ಬಿಳಿಚಿಕೊಂಡಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ನಿಲ್ಲಿಸುತ್ತಿದ್ದೆನೇನೋ. ಆದರೆ ನಮ್ಮ ಮನೆಯ ಗಂಡಸರಿಗೆ ಜಾರಿಬಿದ್ದಾಗ ಅಲ್ಲೇ ಕೂರುವ ಅಭ್ಯಾಸವಿಲ್ಲ. ಏಳಲು ಏನಾದರೂ ಹಿಡಿಯಲೇಬೇಕು.

“ಸುಡದಂಗೆ ಫ್ಯೂಸ್ ಇದೆಯಲ್ಲ ಒಳಗೆ” ಎಂದ.

“ಅದು ಬಟ್ಟೆ ಹತ್ತಿ ಉರಿಯದ ಹಾಗೆ ಕಾಯೋ ಫ್ಯೂಸು. ಬಟ್ಟೆ ಉಳಿದಿದೆ, ಚಿಂತೆ ಮಾಡ್ಬೇಡ. ಚರ್ಮ ಹೋಗಿದೆ.”

“ಅಲ್ಲ ಮಗಳೇ, ಮನುಷ್ಯನಿಗೂ ಕಾಲು ಅಂತ ಇರತ್ತಲ್ಲ? ಬಿಸಿ ಜಾಸ್ತಿಯಾದ್ರೆ ತೆಗೀತಾನೆ. ಅದೂ ಅಣ್ಣನ ಅಂಗಾಲು! ಎಂಜಿನ್ನಿನ ಜ್ವರ ಹೇಳ್ತಿದ್ದ ಅಂಗಾಲು ಅದು.” ಅಪ್ಪನ ಕಡೆ ತಿರುಗಿದ. ಕಣ್ಣಲ್ಲಿ ಬೇಡಿಕೆ ಇತ್ತು. “ಅಣ್ಣ, ಬಿಸಿ ಗೊತ್ತಾಗ್ತಿತ್ತು ತಾನೇ?”

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಸುತ್ತ ಹೆಂಗಸರು, ಬಾಗಿಲಲ್ಲಿ ಲೋಡ್ ಮಾಡುವವರು, ಎದುರು ತಮ್ಮ.

“ಗೊತ್ತಾಗದೆ ಏನು? ಚೆನ್ನಾಗಿ ಗೊತ್ತಾಗ್ತಿತ್ತು. ಟೀವಿ ನೋಡ್ತಾ ನಾನೇ ಸೋಮಾರಿತನ ಮಾಡ್ದೆ. ನಿನ್ನ ಚೀಲದ್ದೇನೂ ತಪ್ಪಿಲ್ಲ ಕಣೋ. ಇವಳು ಸುಮ್ನೆ ಇದ್ದದ್ದು ಇಲ್ಲದ್ದು ಸೇರಿಸಿ ಹಾರಾಡ್ತಾಳೆ.”

ಚಿಕ್ಕಪ್ಪನ ಹೆಗಲು ಸಡಿಲವಾಯಿತು. ಇಡೀ ಕೋಣೆಯೇ ಉಸಿರು ಬಿಟ್ಟಂತಾಯಿತು. “ನೋಡಿದ್ಯಾ?” ಎಂದ ನನಗೆ, ಮೆಲ್ಲಗೆ. “ಬೇಕಾದ್ರೆ ಮುಂದಿನ ಮಾಲಿಗೆ ಹಾಕೋಣ. ಇವತ್ತಿನದು ಹೋಗ್ಲಿ. ಅಲ್ಲಿ ಜನ ಕಾಯ್ತಿದಾರೆ.” ಬಾಗಿಲ ಕಡೆ ಕೈ ಬೀಸಿದ. ಪೆಟ್ಟಿಗೆಗಳು ಮತ್ತೆ ವ್ಯಾನಿನೊಳಗೆ ಹೋಗತೊಡಗಿದವು.

ಇಬ್ಬರ ಮೇಲೂ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಒಬ್ಬ ಸುಳ್ಳು ಹೇಳುವ ಪೆಟ್ಟಿಗೆ ಮಾಡಿದ, ಇನ್ನೊಬ್ಬ ಅದರ ಪರವಾಗಿ ಸುಳ್ಳು ಹೇಳಿದ. ಅಣ್ಣ ತಮ್ಮ ಒಬ್ಬರ ಮರ್ಯಾದೆ ಇನ್ನೊಬ್ಬರು ಕಾಯುತ್ತಾ ಕೂತರೆ, ಆ ಕೇಂದ್ರದಲ್ಲಿ ಕಾಲು ಬೆಚ್ಚಗಾಗಲಿ ಎಂದು ಕಾದಿರುವ ಮುದುಕ ಮುದುಕಿಯರ ಅಂಗಾಲನ್ನು ಯಾರು ಕಾಯಬೇಕು? ಅರಚಬಹುದಿತ್ತು. ಅರಚಿದರೆ ಮೆಣಸಿನಕಾಯಿ ಸಿಡಿಯಿತು ಎಂದು ನಕ್ಕು ಮುಗಿಸುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು.

ಮೇಜಿನ ಮೇಲಿದ್ದ ಕೈ ಒರೆಸುವ ಬಟ್ಟೆ ತೆಗೆದುಕೊಂಡು ಅಪ್ಪನ ಹತ್ತಿರ ಹೋದೆ. “ಅಪ್ಪ, ಅಂಗಾಲಿಗೆ ಚೆನ್ನಾಗಿ ಗೊತ್ತಾಗತ್ತೆ ಅಂದ್ಯಲ್ಲ. ಚಿಕ್ಕಪ್ಪನಿಗೆ ತೋರಿಸೋಣ. ಸರಿಯಾಗಿ ಹೇಳಿದ್ರೆ ನಾನು ಇನ್ನು ಒಂದು ಮಾತೂ ಆಡಲ್ಲ.”

“ಏನು ಮಾಡ್ಬೇಕು?”

“ಕಣ್ಣು ಕಟ್ತೀನಿ. ಎಡಗಾಲಿನಲ್ಲಿ ಎಲ್ಲಿ ಮುಟ್ಟಿದೆ ಹೇಳು. ಅಷ್ಟೇ.”

ಅಪ್ಪನಿಗೆ ಖುಷಿಯೇ ಆಯಿತು. “ಕಟ್ಟು, ಕಟ್ಟು” ಎಂದು ಮುಖ ಮುಂದೆ ಚಾಚಿದ. ಹಿಂದಿನಿಂದ ಗಂಟು ಹಾಕಿದೆ. ಗಾಯವಿಲ್ಲದ ಎಡಗಾಲಿನ ಸಾಕ್ಸ್ ತೆಗೆದು, ಪಾದವನ್ನು ಸ್ಟೂಲಿನ ಮೇಲಿಟ್ಟೆ. ನೆಲದ ಮೇಲೆ ಎದುರಿಗೆ ಕೂತೆ. ಚಿಕ್ಕಪ್ಪ ಪಕ್ಕದಲ್ಲಿ ಬಗ್ಗಿ ನಿಂತ. ಮೇಜಿನ ಹೆಂಗಸರು ಕತ್ತು ಉದ್ದ ಮಾಡಿದರು.

“ಈಗ ಎಲ್ಲಿ?” ಎಂದೆ.

ನನ್ನ ಎರಡೂ ಕೈ ನನ್ನ ಮಡಿಲಲ್ಲಿದ್ದವು.

“ಕಿರುಬೆರಳು” ಎಂದ ಅಪ್ಪ, ಥಟ್ಟನೆ.

ಚಿಕ್ಕಪ್ಪ ನನ್ನ ಕೈ ನೋಡಿದ. ಬಾಯಿ ತೆರೆದ. ನಾನು ಬೆರಳನ್ನು ತುಟಿಯ ಮೇಲಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದೆ.

“ಈಗ?”

“ಹೆಬ್ಬೆರಳು. ಸ್ವಲ್ಪ ಜೋರಾಗೇ ಒತ್ತಿದೀಯ.”

ಬಾಗಿಲಲ್ಲಿ ಪೆಟ್ಟಿಗೆ ಹೊತ್ತವನು ಹೊತ್ತುಕೊಂಡೇ ನಿಂತ. ಯಾರೋ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಹಾಕಿದ ಸದ್ದು ಕೇಳಿಸಿತು. ನನ್ನ ಎರಡೂ ಕೈ ಮತ್ತೆ ಮಡಿಲಲ್ಲಿದ್ದವು.

“ಈಗ ಅಪ್ಪ?”

“ಏಯ್!” ಅಪ್ಪ ನಕ್ಕ. ನಿಜವಾಗಿಯೂ ನಕ್ಕ, ಮೈ ಕುಲುಕಿಸಿಕೊಂಡು. “ಅಂಗಾಲಿಗೆ ಕಚಗುಳಿ ಇಡ್ಬೇಡ್ವೇ.”

ಆ ನಗು ಆ ತಗಡಿನ ಕೋಣೆಯಲ್ಲಿ ಒಂಟಿಯಾಗಿ ಸ್ವಲ್ಪ ಹೊತ್ತು ಇತ್ತು. ಯಾರೂ ಜೊತೆಗೂಡಲಿಲ್ಲ. ಅಪ್ಪ ನಗು ನಿಲ್ಲಿಸಿ ಕಿವಿಗೊಟ್ಟ.

“ಎಲ್ಲ ಸರಿಯಾಗಿ ಹೇಳಿದ್ನಾ? ಯಾಕೆ ಯಾರೂ ಮಾತಾಡ್ತಿಲ್ಲ?”

ಚಿಕ್ಕಪ್ಪ ಅಣ್ಣನ ಹೆಗಲ ಮೇಲೆ ಕೈಯಿಟ್ಟ. “ಎಲ್ಲ ಸರಿ ಅಣ್ಣ” ಎಂದ. “ಎಲ್ಲ ಸರಿಯಾಗೇ ಹೇಳ್ದೆ.”

ಈಗಲೂ! ಕಣ್ಣಾರೆ ಕಂಡ ಮೇಲೂ!

“ಸುಳ್ಳು” ಎಂದು ಕಿರುಚಿದೆ. “ನಾನು ಮುಟ್ಟೇ ಇಲ್ಲ ಅಪ್ಪ. ಒಂದು ಸಲವೂ ಮುಟ್ಟಿಲ್ಲ.”

ಅಪ್ಪ ತಾನೇ ಬಟ್ಟೆ ಎಳೆದು ತೆಗೆದ. ನನ್ನ ಮುಖ ನೋಡಿದ. ಆಮೇಲೆ ನನ್ನ ಮಡಿಲು ನೋಡಿದ, ಅಲ್ಲಿದ್ದ ಕೈ ನೋಡಿದ. ಆಮೇಲೆ ಸ್ಟೂಲಿನ ಮೇಲಿದ್ದ ತನ್ನ ಪಾದವನ್ನು, ಬೇರೆ ಯಾರದ್ದೋ ಎಂಬಂತೆ ನೋಡಿದ.

“ಹತ್ತು ಜನರ ಮುಂದೆ ನನ್ನ ಮರ್ಯಾದೆ ತೆಗೆದ್ಯಲ್ಲೇ” ಎಂದ.

“ತೆಗ್ದೆ.”

“ಹೆತ್ತ ಅಪ್ಪನ ಕಣ್ಣು ಕಟ್ಟಿ.”

“ಹೌದು ಕಟ್ಟಿದೆ! ಇಲ್ದಿದ್ರೆ ಹೇಳ್ತಿದ್ಯಾ? ಬೆರಳು ಕತ್ತರಿಸಿ ತಟ್ಟೇಲಿಟ್ಟು ತೋರಿಸಿದ್ರೂ ಗೊತ್ತಾಗತ್ತೆ ಅಂತಿದ್ದೆ ನೀನು!”

ಕಠೋರವಾದ ಮಾತು. ಆಡಿದ ಮೇಲೆ ವಾಪಸ್ ತೆಗೆದುಕೊಳ್ಳಲಿಲ್ಲ. ಇವತ್ತಿಗೂ ತೆಗೆದುಕೊಳ್ಳುವುದಿಲ್ಲ. ಅಪ್ಪ ಸಾಕ್ಸ್ ಕೈಗೆತ್ತಿಕೊಂಡು ಎಡಗಾಲಿಗೆ ಏರಿಸತೊಡಗಿದ. ಕಿರುಬೆರಳು ನೂಲಿನ ಎಳೆಗೆ ಸಿಕ್ಕಿ ಮಡಚಿಕೊಂಡಿತ್ತು. ಅವನಿಗೆ ತಿಳಿಯಲಿಲ್ಲ, ಎಳೆಯುತ್ತಲೇ ಇದ್ದ. ಚಿಕ್ಕಪ್ಪ ಮಂಡಿಯೂರಿ ಕೂತು ಆ ಬೆರಳನ್ನು ಬಿಡಿಸಿ, ಸಾಕ್ಸ್ ಸರಿಯಾಗಿ ತೊಡಿಸಿದ. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ಚಿಕ್ಕಪ್ಪ ಎದ್ದು ಬಾಗಿಲಿಗೆ ಹೋದ. ವ್ಯಾನಿನೊಳಗೆ ಹತ್ತಿ ಪೆಟ್ಟಿಗೆಗಳನ್ನು ತಾನೇ ಒಂದೊಂದಾಗಿ ಕೆಳಗಿಳಿಸತೊಡಗಿದ. ಲೋಡ್ ಮಾಡುವವರು ಕೈಕಟ್ಟಿ ನೋಡುತ್ತಿದ್ದವರು, ಕೊನೆಗೆ ಅವರೂ ಕೈ ಹಾಕಿದರು. ಆರೈಕೆ ಕೇಂದ್ರಕ್ಕೆ ಫೋನು ಮಾಡಿದ್ದನ್ನು ಕೇಳಿದೆ. “ಮಾಲು ತಡವಾಗತ್ತೆ… ಇಲ್ಲ, ನಿಮ್ಮ ಕಡೆಯಿಂದಲ್ಲ… ನಮ್ಮದೇ ತಪ್ಪು” ಎಂದ. ತಪ್ಪು ಎನ್ನುವ ಪದ ಅವನ ಬಾಯಿಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೂ ಮನಸ್ಸು ಕರಗಲಿಲ್ಲ.

ಅವತ್ತಿನಿಂದ ವಾರವಿಡೀ ಆ ಪೆಟ್ಟಿಗೆಗಳನ್ನು ಬಿಚ್ಚಿದೆವು. ಹೆಂಗಸರು ಸ್ಕ್ರೂ ತೆಗೆದುಕೊಟ್ಟರು, ನಾನು ಹಳೆಯ ಪ್ರೋಗ್ರಾಂ ಮತ್ತೆ ತುಂಬಿದೆ, ಚಿಕ್ಕಪ್ಪ ಮೇಜಿನ ಕೊನೆಯಲ್ಲಿ ಕೂತು ಖಾಲಿ ಜಾಗಗಳಲ್ಲಿ ಸಾಕ್ಷಿಯನ್ನು ಬೆಸೆದ. ಬೆಸುಗೆಯಲ್ಲಿ ಅವನ ಕೈ ಇಂದಿಗೂ ನನಗಿಂತ ಅಚ್ಚುಕಟ್ಟು, ಅದೂ ನನಗೆ ಸಿಟ್ಟು ತರಿಸಿತು. ನಾನು ಅವನೊಡನೆ ಮಾತಾಡಲಿಲ್ಲ. ಬೇಕಾದದ್ದನ್ನು ‘ನೀವು’ ಎಂದು ಕೇಳಿದೆ, ಅಷ್ಟೇ. ಮುಗಿದ ಒಂದೊಂದರ ಸೆನ್ಸರಿನ ವೈರನ್ನೂ ಅವನೇ ಕಿತ್ತು, ಎರಡು ಗೆರೆ ಬಂದದ್ದನ್ನು ನೋಡಿ, ಮತ್ತೆ ಜೋಡಿಸಿ ಪಕ್ಕಕ್ಕಿಡುತ್ತಿದ್ದ.

ಮನೆಯಲ್ಲಿ ಅಪ್ಪ ನನ್ನೊಡನೆ ಮಾತು ಬಿಟ್ಟ. ಊಟಕ್ಕೆ ಬಾ ಎಂದರೆ ಬರುತ್ತಿದ್ದ, ಉಣ್ಣುತ್ತಿದ್ದ, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಡ್ರೆಸ್ಸಿಂಗ್‌ಗೆ ಹೋದಾಗ ಡಾಕ್ಟರಮ್ಮ, ಬೆರಳು ಉಳಿಯಬಹುದು, ಇನ್ನೂ ನೋಡಬೇಕು ಎಂದರು. ಅಪ್ಪ ಲಾರಿಯ ಕಥೆ ಹೇಳಲಿಲ್ಲ. ಬರುವಾಗ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದ. ನಾನೂ ಈಚೆ ಕಿಟಕಿಯಲ್ಲಿ ನೋಡುತ್ತಿದ್ದೆ. ಇಬ್ಬರದ್ದೂ ಒಂದೇ ಮೂಗು, ಅದರ ತುದಿಯಲ್ಲಿ ಒಂದೇ ಕೋಪ.

ಬ್ಯಾಂಡೇಜಿನ ಕಾಲು ಒದ್ದೆಯಾಗಬಾರದು, ಇನ್ನೊಂದನ್ನು ದಿನಾ ತೊಳೆದು ಬೆರಳುಗಳ ನಡುವೆ ಒರೆಸಬೇಕು ಎಂದು ಹೇಳಿದ್ದರು. ದಿನಾ ಟಬ್ಬು ತಂದಿಟ್ಟು, ಒಂದು ಮಾತಿಲ್ಲದೆ ತೊಳೆದು ಎದ್ದು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊತ್ತಾಗಿತ್ತು, ಒಲೆಯಿಂದಿಳಿಸಿದ ನೀರನ್ನು ಅವಸರದಲ್ಲಿ ಟಬ್ಬಿಗೆ ಸುರಿದು ಮಂಚದ ಮುಂದಿಟ್ಟೆ. ಅಪ್ಪ ಕಾಲು ಎತ್ತಿದ. ಎತ್ತಿದವನು ಅದನ್ನು ನೀರಿನ ಮೇಲೆಯೇ ಹಿಡಿದು ಕೂತ.

“ಇಡು. ಹೊತ್ತಾಯ್ತು” ಎಂದೆ.

ಇಡಲಿಲ್ಲ. ದವಡೆ ಬಿಗಿಯಾಗಿತ್ತು. ನನ್ನ ಕಡೆ ನೋಡದೆ, ಗೋಡೆಗೆ ಹೇಳುವಂತೆ, ಹಲ್ಲುಗಳ ನಡುವಿನಿಂದ ಹೇಳಿದ.

“ನೀನೇ ಕೈ ಹಾಕಿ ನೋಡು. ನನಗೆ ಗೊತ್ತಾಗಲ್ಲ.”

ಕೈ ಹಾಕಿದೆ. ಸುಡುತ್ತಿತ್ತು. ಥಟ್ಟನೆ ಕೈ ಹಿಂದೆಗೆದು, ಒಳಗೆ ಹೋಗಿ ತಣ್ಣೀರು ತಂದು ಬೆರೆಸಿದೆ.